ಗ್ರಂಥಪಾಲಕರು ಓದುಗರನ್ನು ಕರೆಯಲು ಕಲಿತ ಬಗೆ

ನಿಮ್ಮ ಊರಿನ ಗ್ರಂಥಾಲಯಕ್ಕೆ ವಾರದ ರಜೆ ಯಾವತ್ತು? ಸಂಜೆ ಎಷ್ಟು ಗಂಟೆಯವರೆಗೆ ಅದು ತೆರೆದಿರುತ್ತದೆ? ಇತ್ತೀಚೆಗೆ ಅಲ್ಲಿಗೆ ಬಂದ ಹೊಸ ಪುಸ್ತಕವೊಂದರ ಹೆಸರನ್ನು ಹೇಳಬಲ್ಲಿರಾ? ಈ ಮೂರು ಪ್ರಶ್ನೆಗಳನ್ನು ಒಂದು ಪ್ರೌಢಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಕೇಳಿ ನೋಡಿ. ಮೊದಲನೆಯದಕ್ಕೆ ಒಬ್ಬಿಬ್ಬರು ಉತ್ತರಿಸಬಹುದು. ಮೂರನೆಯದಕ್ಕೆ ಉತ್ತರ ಸಿಕ್ಕರೆ ಆ ಊರು ಪುಣ್ಯ ಮಾಡಿದೆ. ಅದೇ ಊರಿನಲ್ಲಿ ಬಟ್ಟೆ ಅಂಗಡಿಯ ರಿಯಾಯಿತಿ ಎಂದು ಮುಗಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಅಂಗಡಿಯವರು ಅದನ್ನು ನಿಮ್ಮ ಜೇಬಿನೊಳಗಿನ ಫೋನಿಗೇ ತಲುಪಿಸಿರುತ್ತಾರೆ.

ಬೀದರ್ ತಾಲ್ಲೂಕಿನ ಮನ್ನಳ್ಳಿಯಂಥ ಊರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಒಬ್ಬರೇ ಮೇಲ್ವಿಚಾರಕರು, ಕಪಾಟುಗಳಲ್ಲಿ ಪುಸ್ತಕ, ಮೇಜಿನ ಮೇಲೆ ದಿನಪತ್ರಿಕೆ. ಆ ಮೇಲ್ವಿಚಾರಕರ ಕೈಯಲ್ಲೂ ಫೋನಿದೆ. ಅದರ ಮೂಲಕ ಊರಿನ ಮಕ್ಕಳಿಗೆ, ರೈತರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಅವರವರಿಗೆ ಬೇಕಾದ ಸುದ್ದಿಯನ್ನು ಮುಟ್ಟಿಸುವ ಕೌಶಲಕ್ಕೆ ಈಗ ‘ಡಿಜಿಟಲ್ ಮಾರ್ಕೆಟಿಂಗ್’ ಎಂಬ ಹೆಸರು ಬಂದಿದೆ. ಹೆಸರು ಕೇಳಿ ಮುಖ ಸಿಂಡರಿಸುವವರಿದ್ದಾರೆ. ಪುಸ್ತಕವೇನು ಸೋಪೇ, ಮಾರುವುದಕ್ಕೆ ಎಂದು ಅವರು ಕೇಳುತ್ತಾರೆ. ಆದರೆ ಈ ಹೆಸರಿನ ಹಿಂದಿರುವ ಕೆಲಸಕ್ಕೆ ಸುಮಾರು ನೂರೈವತ್ತು ವರ್ಷಗಳ ಚರಿತ್ರೆಯಿದೆ. ಅದರ ಒಂದು ಮುಖ್ಯ ಅಧ್ಯಾಯ ಬರೆಯಲ್ಪಟ್ಟದ್ದು ನಮ್ಮ ಬೆಂಗಳೂರಿನಲ್ಲೇ.

ಕಾಯುವ ಕೆಲಸ

ಮನ್ನಳ್ಳಿಯ ಜಿಲ್ಲಾ ಕೇಂದ್ರವಾದ ಬೀದರಿನಿಂದಲೇ ಶುರು ಮಾಡೋಣ. ಪರ್ಷಿಯಾದ ಗಿಲಾನ್ ಪ್ರಾಂತ್ಯದಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಅಲ್ಲಿ ಒಂದು ಮದರಸಾ ಕಟ್ಟಿಸಿದ. ಮೂರು ಅಂತಸ್ತಿನ ಕಟ್ಟಡ, ಬಣ್ಣದ ಹೆಂಚಿನ ಕುಸುರಿ, ಉಪನ್ಯಾಸ ಮಂದಿರ, ವಿದ್ಯಾರ್ಥಿಗಳಿಗೆ ಕೊಠಡಿಗಳು. ಅದರ ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದುವೆಂದು ಹೇಳುತ್ತಾರೆ. ಅಚ್ಚು ಯಂತ್ರ ಭಾರತಕ್ಕೆ ಬರುವುದಕ್ಕೂ ಮುಂಚಿನ ಕಾಲದಲ್ಲಿ ಇದು ಬಹು ದೊಡ್ಡ ಸಂಗ್ರಹ. 1481ರಲ್ಲಿ ಗವಾನನಿಗೆ ಮರಣದಂಡನೆಯಾಯಿತು. 1696ರಲ್ಲಿ ಅಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಉಳಿದ ಒಂದು ಮಿನಾರನ್ನು ಇಂದಿಗೂ ನೋಡಬಹುದು.

ಅಂಥ ಗ್ರಂಥಾಲಯವನ್ನು ನೋಡಿಕೊಳ್ಳುವವನಿಗೆ ಓದುಗರನ್ನು ಕರೆಯುವ ಅಗತ್ಯವೇ ಇರಲಿಲ್ಲ. ಒಂದೊಂದು ಹಸ್ತಪ್ರತಿಯೂ ತಿಂಗಳುಗಟ್ಟಲೆಯ ದುಡಿಮೆಯ ಫಲ. ವಿದ್ವಾಂಸರು ದೂರದಿಂದ ತಾವಾಗಿಯೇ ಹುಡುಕಿಕೊಂಡು ಬರುತ್ತಿದ್ದರು. ಗೆದ್ದಲು, ತೇವ, ಬೆಂಕಿ, ಕಳ್ಳರು ಇವುಗಳಿಂದ ಗ್ರಂಥವನ್ನು ಕಾಯುವುದೇ ಅಲ್ಲಿಯ ಮುಖ್ಯ ಕೆಲಸ. ಯೂರೋಪಿನ ಹಳೆಯ ಗ್ರಂಥಾಲಯಗಳಲ್ಲಂತೂ ಪುಸ್ತಕಗಳನ್ನು ಸರಪಳಿಯಿಂದ ಮೇಜಿಗೆ ಕಟ್ಟಿಡುತ್ತಿದ್ದರು. ಕನ್ನಡದ ‘ಗ್ರಂಥಪಾಲಕ’ ಎಂಬ ಪದದಲ್ಲೂ ‘ಪಾಲನೆ’ಯೇ ಕೂತಿದೆ, ಗಮನಿಸಿ.

ಅಚ್ಚಿನ ಪುಸ್ತಕ ಅಗ್ಗವಾದಾಗ ಲೆಕ್ಕ ತಲೆಕೆಳಗಾಯಿತು. ಈಗ ಪುಸ್ತಕಕ್ಕೆ ಬರವಿಲ್ಲ, ಓದುಗನಿಗೆ ಬರ. ಈ ಬದಲಾವಣೆಯನ್ನು ಸ್ಪಷ್ಟವಾಗಿ ಗುರುತಿಸಿದವರಲ್ಲಿ ಅಮೆರಿಕದ ವೂಸ್ಟರ್ ನಗರದ ಗ್ರಂಥಪಾಲಕ ಸ್ಯಾಮ್ಯುಯೆಲ್ ಗ್ರೀನ್ ಮೊದಲಿಗ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಗ್ರಂಥಪಾಲಕರೆಲ್ಲ ಸೇರಿ ತಮ್ಮ ಸಂಘ ಕಟ್ಟಿಕೊಂಡಾಗ ಆತ ಓದಿದ ಪ್ರಬಂಧದ ವಿಷಯವೇ ಗ್ರಂಥಪಾಲಕ ಮತ್ತು ಓದುಗರ ನಡುವಣ ನೇರ ಸಂಬಂಧ. 1887ರಲ್ಲಿ ಮೆಲ್ವಿಲ್ ಡ್ಯೂಯಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಪಾಲಕರಿಗೊಂದು ಶಾಲೆ ತೆರೆದ. 1905ರಲ್ಲಿ ಮೇರಿ ಟಿಟ್‌ಕಾಂಬ್ ಎಂಬಾಕೆ ಮೇರಿಲ್ಯಾಂಡಿನ ಹಳ್ಳಿಗಳಿಗೆ ಕುದುರೆ ಬಂಡಿಯಲ್ಲಿ ಪುಸ್ತಕ ಕಳುಹಿಸಿದಳು. ನ್ಯೂಅರ್ಕ್ ನಗರದ ಜಾನ್ ಕಾಟನ್ ಡಾನಾ ಇನ್ನೂ ಮುಂದೆ ಹೋಗಿ, ಗ್ರಂಥಾಲಯ ಜಾಹೀರಾತು ಮಾಡಿಕೊಳ್ಳಬೇಕು ಎಂದು ಸಂಕೋಚವಿಲ್ಲದೆ ವಾದಿಸಿದ. ಗ್ರಂಥಾಲಯಗಳ ಪ್ರಚಾರ ಕಾರ್ಯಕ್ಕೆ ಆತನ ಹೆಸರಿನಲ್ಲಿ 1946ರಿಂದ ಅಲ್ಲಿ ಪ್ರಶಸ್ತಿ ಕೊಡುತ್ತಿದ್ದಾರೆ.

ಬರೋಡ, ಲಾಹೋರ್, ಮದರಾಸು

ಭಾರತದಲ್ಲಿ ಗ್ರಂಥಪಾಲಕರ ತರಬೇತಿ ಆರಂಭವಾದದ್ದು ಒಂದು ದೇಶೀ ಸಂಸ್ಥಾನದಲ್ಲಿ. ಬರೋಡದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡ್ 1910ರಲ್ಲಿ ಅಮೆರಿಕದಿಂದ ಡಬ್ಲ್ಯು.ಎ. ಬಾರ್ಡನ್ ಎಂಬ ಗ್ರಂಥಪಾಲಕನನ್ನು ಕರೆಸಿಕೊಂಡ. ಮರುವರ್ಷವೇ ಅಲ್ಲಿ ತರಬೇತಿ ತರಗತಿ ಶುರುವಾಯಿತು. ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಊರಿಂದೂರಿಗೆ ಕಳುಹಿಸುವ ಸಂಚಾರಿ ಗ್ರಂಥಾಲಯಗಳು ಬಂದುವು. ಅಕ್ಷರ ಬಾರದವರಿಗೆ ಚಿತ್ರ ತೋರಿಸುವ ಒಂದು ಶಾಖೆಯೂ ಬರೋಡದ ಗ್ರಂಥಾಲಯ ಇಲಾಖೆಯಲ್ಲಿತ್ತು. ಓದಲು ಬಾರದವನನ್ನೂ ಗ್ರಂಥಾಲಯದ ಹತ್ತಿರ ತರುವುದು ಹೇಗೆ ಎಂದು ಅಷ್ಟು ಹಿಂದೆಯೇ ಯೋಚಿಸಿದ್ದರು! 1915ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಮತ್ತೊಬ್ಬ ಅಮೆರಿಕನ್ನನಾದ ಡಿಕಿನ್ಸನ್ ಪಾಠ ಆರಂಭಿಸಿದ.

ಮೂರನೆಯ ತಾಣ ಮದರಾಸು. ಅಲ್ಲಿಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಎಸ್.ಆರ್. ರಂಗನಾಥನ್ 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಓದುಗರೇ ಇಲ್ಲದ ಆ ಕೊಠಡಿಯಲ್ಲಿ ಕೂತು ಅವರಿಗೆ ಎಷ್ಟು ಬೇಸರವಾಯಿತೆಂದರೆ, ಕೆಲವೇ ದಿನಗಳಲ್ಲಿ ಹಳೆಯ ಕೆಲಸಕ್ಕೇ ವಾಪಸು ಬರುತ್ತೇನೆಂದು ಕಾಲೇಜಿಗೆ ಹೋಗಿ ಕೇಳಿಕೊಂಡರು. ಇಂಗ್ಲೆಂಡಿಗೆ ಹೋಗಿ ತರಬೇತಿ ಪಡೆದು ಬನ್ನಿ, ಆಮೇಲೂ ಬೇಸರವೆನಿಸಿದರೆ ನೋಡೋಣ ಎಂಬ ಉತ್ತರ ಬಂತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರ ಗುರು ಬರ್ವಿಕ್ ಸೇಯರ್ಸ್. ಆತ ಕ್ರಾಯ್ಡನ್ ಊರಿನ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥ. ಅಲ್ಲಿ ಮತ್ತು ಇಂಗ್ಲೆಂಡಿನ ಇತರ ಗ್ರಂಥಾಲಯಗಳಲ್ಲಿ ರಂಗನಾಥನ್ ಕಂಡದ್ದು ಮಕ್ಕಳಿಂದ ಮುದುಕರವರೆಗೆ ಜನ ತುಂಬಿದ ಕೊಠಡಿಗಳನ್ನು. 1925ರಲ್ಲಿ ಮರಳಿ ಬಂದ ಮೇಲೆ ಅವರು ಗಣಿತದ ಕಡೆ ತಿರುಗಿ ಹೋಗಲಿಲ್ಲ. ಗ್ರಂಥಾಲಯದ ಸಮಯ ಹೆಚ್ಚಿಸಿದರು, ಓದುಗರನ್ನು ಕಪಾಟಿನವರೆಗೆ ಬಿಟ್ಟರು.

1928ರಲ್ಲಿ ಮದರಾಸು ಗ್ರಂಥಾಲಯ ಸಂಘ, 1929ರಲ್ಲಿ ಅದರ ಆಶ್ರಯದಲ್ಲಿ ಬೇಸಿಗೆಯ ತರಬೇತಿ ಶಾಲೆ, 1931ರಲ್ಲಿ ಅವರ ಪ್ರಸಿದ್ಧ ಪಂಚಸೂತ್ರಗಳ ಗ್ರಂಥ. ಸೂತ್ರಗಳನ್ನು ನೀವು ಎಲ್ಲಾದರೂ ಗೋಡೆಯ ಮೇಲೆ ಓದಿರಬಹುದು. ನಮಗಿಲ್ಲಿ ಮುಖ್ಯವಾದದ್ದು ಮೂರನೆಯದು. ಎರಡನೆಯ ಸೂತ್ರ ಓದುಗನ ಕಡೆಯಿಂದ ನೋಡಿ, ಅವನಿಗೆ ತಕ್ಕ ಪುಸ್ತಕ ಸಿಗಬೇಕೆನ್ನುತ್ತದೆ. ಮೂರನೆಯದು ಪುಸ್ತಕದ ಕಡೆಯಿಂದ ನೋಡಿ, ಕಪಾಟಿನಲ್ಲಿರುವ ಒಂದೊಂದು ಪುಸ್ತಕಕ್ಕೂ ತಕ್ಕ ಓದುಗನನ್ನು ಹುಡುಕಬೇಕೆನ್ನುತ್ತದೆ. ಎರಡೂ ಒಂದೇ ಎನಿಸುತ್ತದೆಯೇ? ಅಲ್ಲ. ಎರಡನೆಯದರಲ್ಲಿ ಓದುಗ ಬಾಗಿಲಿಗೆ ಬಂದಿದ್ದಾನೆ. ಮೂರನೆಯದರಲ್ಲಿ ಅವನು ಇನ್ನೂ ಮನೆಯಲ್ಲೋ ಹೊಲದಲ್ಲೋ ಇದ್ದಾನೆ, ಅಂಥದೊಂದು ಪುಸ್ತಕವಿದೆ ಎಂಬುದೇ ಅವನಿಗೆ ಗೊತ್ತಿಲ್ಲ. ಆದ್ದರಿಂದಲೇ ಈ ಸೂತ್ರದ ವಿವರಣೆಯಲ್ಲಿ ರಂಗನಾಥನ್ ಕಪಾಟಿನ ಜೋಡಣೆ, ಸೂಚಿ, ಪರಾಮರ್ಶನ ಸೇವೆ ಇವುಗಳ ಜೊತೆಗೇ ಪ್ರಚಾರ ಮತ್ತು ವಿಸ್ತರಣಾ ಕಾರ್ಯವನ್ನೂ ಸೇರಿಸಿದರು. ಅದೇ 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಹೊರಟಿತು. ಅದನ್ನು ಉದ್ಘಾಟಿಸಿದವರೂ ರಂಗನಾಥನ್ನರೇ.

ಗಾಡಿಯ ಮುಂದೆ ಡಂಗುರ ಸಾರುವುದು, ಕಂದೀಲಿನ ಚಿತ್ರ ತೋರಿಸಿ ಭಾಷಣ ಮಾಡುವುದು, ಪತ್ರಿಕೆಗೆ ಪಟ್ಟಿ ಕಳುಹಿಸುವುದು ಇವು ಆ ಕಾಲದ ಮಾಧ್ಯಮಗಳು. ಇವತ್ತಿನ ತರಬೇತಿ ಪುಸ್ತಕಗಳಲ್ಲಿ ಮಾಧ್ಯಮದ ಹೆಸರು ಬದಲಾಗಿದೆ, ಅಷ್ಟೆ.

ಬೀದರಿನ ಬೋರ್ಡು

ಮದರಾಸಿನಲ್ಲಿ ಇಷ್ಟೆಲ್ಲ ನಡೆಯುತ್ತಿದ್ದಾಗ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಮತ್ತು ಶಾಲೆಯ ಭಾಷೆ ಉರ್ದು. ಹೊಲದಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ಗಡಿಯ ಹಳ್ಳಿಗಳಲ್ಲಿ ಮರಾಠಿ, ತೆಲುಗು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಆ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸುತ್ತಿದ್ದರೆಂಬುದು ಈ ಭಾಗದಲ್ಲಿ ಮನೆಮಾತು. ಪ್ರಚಾರದ ಚರಿತ್ರೆಯಲ್ಲಿ ಇದೊಂದು ವಿಚಿತ್ರ ಪ್ರಸಂಗ. ಬೋರ್ಡು ಇರುವುದು ಒಳಗಿನದನ್ನು ಹೇಳಲು ಎಂದು ನಾವು ತಿಳಿದಿದ್ದೇವೆ. ಇಲ್ಲಿ ಅದನ್ನು ಮರೆಮಾಚಲು ಬಳಸಬೇಕಾಯಿತು. ಬೋರ್ಡಿನಿಂದಲ್ಲ, ಬಾಯಿಂದ ಬಾಯಿಗೆ ಹೋದ ಮಾತಿನಿಂದಲೇ ಮಕ್ಕಳು ಬಂದರು. ಬೀದರ್ ಜಿಲ್ಲೆಯಲ್ಲಿ ಗ್ರಂಥಾಲಯದ ಪ್ರಚಾರವನ್ನು ಯೋಚಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಇಲ್ಲಿ ಯಾವ ಭಾಷೆಯಲ್ಲಿ ಬರೆಯುತ್ತೀರಿ ಎಂಬುದೇ ಯಾರನ್ನು ಕರೆಯುತ್ತಿದ್ದೀರಿ ಎಂಬುದನ್ನು ಹೇಳಿಬಿಡುತ್ತದೆ.

ಹೈದರಾಬಾದ್ ರಾಜ್ಯ 1955ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಮಾಡಿತು. 1948ರ ಮದರಾಸು ಕಾಯಿದೆಯ ನಂತರ ಅದು ದೇಶದಲ್ಲಿ ಎರಡನೆಯದು. ಮರುವರ್ಷವೇ ರಾಜ್ಯಗಳ ಪುನರ್ವಿಂಗಡಣೆಯಾಗಿ ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್‌ಗಳು ಮೈಸೂರು ರಾಜ್ಯಕ್ಕೆ ಬಂದುವು. ಜಿಲ್ಲೆಯ ಉದಗೀರ್, ನಿಲಂಗಾ ಮುಂಬಯಿ ಕಡೆಗೂ ಜಹೀರಾಬಾದ್, ನಾರಾಯಣಖೇಡ್ ಆಂಧ್ರದ ಕಡೆಗೂ ಹೋದುವು. ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಕರ ಸೇರುವುದು ಈ ಕಾಯಿದೆಯ ಫಲವಾಗಿ. ಮುಂದಿನ ಸಲ ತೆರಿಗೆ ರಸೀದಿ ಕೈಗೆ ಬಂದಾಗ ಆ ಸಾಲನ್ನು ಹುಡುಕಿ ನೋಡಿ. ಗ್ರಂಥಾಲಯಕ್ಕೆ ಕಾಲಿಡದವರೂ ಅದಕ್ಕೆ ಹಣ ಕೊಟ್ಟಿರುತ್ತಾರೆ!

ಇಷ್ಟರಲ್ಲಿ ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ್ದರು. 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಅಂಗವಾಗಿ ಅವರು ಸ್ಥಾಪಿಸಿದ ಡಾಕ್ಯುಮೆಂಟೇಶನ್ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಅಂದರೆ ಡಿ.ಆರ್.ಟಿ.ಸಿ., ಜಗತ್ತಿನ ಗ್ರಂಥಪಾಲಕರಿಗೆಲ್ಲ ಪರಿಚಿತವಾಯಿತು. ವಿಶ್ವವಿದ್ಯಾನಿಲಯಗಳಲ್ಲೂ ವಿಭಾಗಗಳು ತೆರೆದುವು. ಆದರೆ ನನ್ನ ಅಭಿಪ್ರಾಯದಲ್ಲಿ ಇಲ್ಲೊಂದು ನಷ್ಟವೂ ಆಯಿತು. ವರ್ಗೀಕರಣ ಮತ್ತು ಸೂಚೀಕರಣಗಳಲ್ಲಿ ಸರಿ ಉತ್ತರ, ತಪ್ಪು ಉತ್ತರ ಇರುತ್ತವೆ. ಅವುಗಳಿಗೆ ಪ್ರಶ್ನೆಪತ್ರಿಕೆ ತೆಗೆಯುವುದು ಸುಲಭ, ಅಂಕ ಕೊಡುವುದೂ ಸುಲಭ. ಸಂಕೋಚಪಡುವ ಒಬ್ಬ ಹುಡುಗಿಯನ್ನು ಗ್ರಂಥಾಲಯದೊಳಕ್ಕೆ ಕರೆತರುವುದು ಹೇಗೆ ಎಂಬುದಕ್ಕೆ ಪ್ರಶ್ನೆಪತ್ರಿಕೆಯಿಲ್ಲ. ಮೂರನೆಯ ಸೂತ್ರದ ಪ್ರಚಾರದ ಭಾಗ ಹೀಗೆ ಪಠ್ಯದ ಅಂಚಿಗೆ ಸರಿಯಿತು.

ಹುಡುಕದೆಯೇ ಸಿಗುವ ಮಾಹಿತಿ

ಪಠ್ಯದ ಅಂಚಿಗೆ ಸರಿದ ಈ ವಿಚಾರ ವಿಜ್ಞಾನಿಗಳ ಗ್ರಂಥಾಲಯದ ಮೂಲಕ, ಗಣಕದ ಬೆನ್ನೇರಿ ಮತ್ತೆ ಬಂತು. ಐ.ಬಿ.ಎಂ. ಕಂಪನಿಯ ಇಂಜಿನಿಯರ್ ಹಾನ್ಸ್ ಪೀಟರ್ ಲೂನ್ 1958ರಲ್ಲಿ ಒಂದು ಯೋಜನೆ ಪ್ರಕಟಿಸಿದ. (ಬ್ಯಾಂಕ್ ಕಾರ್ಡಿನ ಸಂಖ್ಯೆಯನ್ನು ತಪ್ಪಾಗಿ ಒತ್ತಿದರೆ ಯಂತ್ರ ತಕ್ಷಣ ಗುರುತಿಸುತ್ತದಲ್ಲ, ಆ ಕೊನೆಯ ಅಂಕಿಯ ಲೆಕ್ಕಾಚಾರ ಕಂಡುಹಿಡಿದವನೂ ಈತನೇ.) ಯೋಜನೆ ಸರಳ. ಪ್ರತಿಯೊಬ್ಬ ವಿಜ್ಞಾನಿಯ ಆಸಕ್ತಿಯನ್ನು ಕೆಲವು ಪದಗಳ ಪಟ್ಟಿಯಾಗಿ ಬರೆದಿಡಿ. ಇದು ಅವನ ‘ಪ್ರೊಫೈಲ್’. ಹೊಸದಾಗಿ ಬಂದ ಲೇಖನವನ್ನೂ ಪದಗಳ ಪಟ್ಟಿಯಾಗಿ ಮಾಡಿ. ಗಣಕ ಎರಡನ್ನೂ ಹೋಲಿಸಲಿ. ಸಾಕಷ್ಟು ಪದಗಳು ಹೊಂದಿದರೆ ಆ ಲೇಖನದ ಸುದ್ದಿ ಆ ವಿಜ್ಞಾನಿಗೆ ಹೋಗಲಿ. ಆಯ್ದ ಮಾಹಿತಿಯ ಪ್ರಸಾರ ಎಂದು ಇದನ್ನು ಕರೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1980ರ ದಶಕದಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನೆರವಿನಿಂದ ಆರಂಭವಾದ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರ ಇಂಥ ಸೇವೆಯನ್ನು ದೇಶದ ವಿಶ್ವವಿದ್ಯಾನಿಲಯಗಳ ಸಂಶೋಧಕರಿಗೆ ನೀಡಿತು. ಗ್ರಂಥಪಾಲಕರಿಗೆ ಗಣಕದ ತರಬೇತಿಯನ್ನೂ ಕೊಟ್ಟಿತು. ಅಲ್ಲಿಯ ಟಿ.ಬಿ. ರಾಜಶೇಖರ್ ಅವರ ಮುಂದಾಳುತನದಲ್ಲಿ 2002ರಲ್ಲಿ ಆ ಸಂಸ್ಥೆಯ ಸಂಶೋಧನಾ ಲೇಖನಗಳ ಮುಕ್ತ ಭಂಡಾರ ಅಂತರಜಾಲಕ್ಕೆ ಬಂತು. ಭಾರತದಲ್ಲಿ ಅಂಥ ಪ್ರಯತ್ನಗಳಲ್ಲಿ ಅದು ಮೊದಲಿನದು.

ಪ್ರೊಫೈಲ್ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ? ಒಂದು ಉದಾಹರಣೆ ನೋಡೋಣ. ಔರಾದಿನ ತೊಗರಿ ಬೆಳೆಗಾರರೊಬ್ಬರಿಗೆ ಒಂದು ವರ್ಷದಲ್ಲಿ 40 ಸೂಚನೆಗಳು ಹೋದುವು ಎಂದುಕೊಳ್ಳಿ. ಅದರಲ್ಲಿ ನಿಜಕ್ಕೂ ಅವರಿಗೆ ಬೇಕಾದವು 30. ಆಗ ನಿಖರತೆ 30/40, ಅಂದರೆ ಶೇಕಡ 75. ಆದರೆ ಅವರಿಗೆ ಬೇಕಾದಂಥ ಮಾಹಿತಿ ಸಂಗ್ರಹದಲ್ಲಿ ಒಟ್ಟು 50 ಇತ್ತು. ಹಾಗಾದರೆ ತಲುಪಿದ್ದು 30/50, ಶೇಕಡ 60 ಮಾತ್ರ. ‘ತೊಗರಿ’ ಎಂಬ ಒಂದೇ ಪದ ಇಟ್ಟರೆ ಅಡುಗೆ ಪುಸ್ತಕವೂ ಬರುತ್ತದೆ, ನಿಖರತೆ ಇಳಿಯುತ್ತದೆ. ‘ತೊಗರಿಯ ಸೊರಗು ರೋಗ’ ಎಂದು ಬಿಗಿ ಮಾಡಿದರೆ ನಿಖರತೆ ಏರುತ್ತದೆ, ಬೇಕಾದ ಎಷ್ಟೋ ಸಂಗತಿ ತಪ್ಪಿಹೋಗುತ್ತದೆ. ಒಂದನ್ನು ಏರಿಸಿದರೆ ಸಾಮಾನ್ಯವಾಗಿ ಇನ್ನೊಂದು ಇಳಿಯುತ್ತದೆ. ಇಂದು ನಿಮ್ಮ ಫೋನಿನಲ್ಲಿ ನಿಮಗೆಂದೇ ಬರುವ ಜಾಹೀರಾತು ನಿಂತಿರುವುದೂ ಈ ಪ್ರೊಫೈಲ್ ಮತ್ತು ಹೋಲಿಕೆಯ ತತ್ವದ ಮೇಲೆಯೇ. ವ್ಯತ್ಯಾಸ ಒಂದೇ, ಆದರೆ ದೊಡ್ಡದು: ಗ್ರಂಥಪಾಲಕ ನಿಮ್ಮನ್ನು ಕೇಳಿ ನಿಮ್ಮ ಆಸಕ್ತಿ ಬರೆದುಕೊಳ್ಳುತ್ತಿದ್ದ. ಜಾಹೀರಾತಿನ ಯಂತ್ರ ನೀವು ಏನನ್ನು ನೋಡಿದಿರಿ ಎಂಬುದರಿಂದ ಅದನ್ನು ತಾನೇ ಊಹಿಸಿಕೊಳ್ಳುತ್ತದೆ.

ಮಾರ್ಕೆಟಿಂಗ್ ಎಂಬ ಪದ ಗ್ರಂಥಾಲಯಕ್ಕೆ ಬಂದದ್ದು ಬೇರೆ ದಾರಿಯಿಂದ. 1969ರಲ್ಲಿ ಫಿಲಿಪ್ ಕೋಟ್ಲರ್ ಮತ್ತು ಸಿಡ್ನಿ ಲೆವಿ ಎಂಬ ಇಬ್ಬರು ಅಮೆರಿಕನ್ ಪ್ರಾಧ್ಯಾಪಕರು ಲಾಭಕ್ಕಾಗಿ ನಡೆಯದ ಸಂಸ್ಥೆಗಳಿಗೂ ಮಾರ್ಕೆಟಿಂಗ್ ಅನ್ವಯಿಸುತ್ತದೆ ಎಂದು ವಾದಿಸಿದರು. ಅವರ ಪ್ರಕಾರ ಮಾರುವುದು ಅದರ ಒಂದು ತುದಿ ಮಾತ್ರ. ಯಾರಿಗೆ ಏನು ಬೇಕೆಂದು ಮೊದಲು ತಿಳಿಯುವುದು ಅದರ ಹೆಚ್ಚಿನ ಭಾಗ. 1988ರಲ್ಲಿ ಭಾರತದ ವಿಶೇಷ ಗ್ರಂಥಾಲಯಗಳ ಸಂಘವಾದ ಐಯಾಸ್ಲಿಕ್ ಇದೇ ವಿಷಯದ ಮೇಲೆ ವಿಚಾರ ಸಂಕಿರಣ ನಡೆಸಿತು. 1997ರಲ್ಲಿ ಅಂತರರಾಷ್ಟ್ರೀಯ ಗ್ರಂಥಾಲಯ ಒಕ್ಕೂಟದಲ್ಲಿ ಇದಕ್ಕೊಂದು ವಿಭಾಗವೇ ಹುಟ್ಟಿತು.

ಪಂಚಾಯಿತಿಯ ಮೇಜಿನ ಮೇಲೆ

ಈಗ ಮನ್ನಳ್ಳಿಯ ಕಡೆ ಬರೋಣ. ಕರ್ನಾಟಕದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾದುವು. ಮರುವರ್ಷ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಆಮೇಲೆ ‘ಗ್ರಾಮ ಡಿಜಿ ವಿಕಸನ’ ಎಂಬ ಕಾರ್ಯಕ್ರಮದ ಮೂಲಕ ಹಲವು ಗ್ರಂಥಾಲಯಗಳಿಗೆ ಡಿಜಿಟಲ್ ಸಾಧನಗಳು ಬಂದುವು. ಗ್ರಂಥಾಲಯಗಳ ಹೆಸರು ‘ಅರಿವು ಕೇಂದ್ರ’ವಾಯಿತು. ಮೇಲ್ವಿಚಾರಕರಿಗೆ ತರಬೇತಿಗಳೂ ನಡೆದುವು. ಗ್ರಂಥಾಲಯ ವಿಜ್ಞಾನದ ಪದವಿಯಿಲ್ಲದೆ, ಕಡಿಮೆ ಸಂಬಳದಲ್ಲಿ ವರ್ಷಗಟ್ಟಲೆ ದುಡಿದ ಅನೇಕರಿಗೆ ಒಮ್ಮೆಗೇ ಗ್ರಂಥಪಾಲಕ, ಮಕ್ಕಳ ಶಿಕ್ಷಕ, ತಂತ್ರಜ್ಞ, ಪ್ರಚಾರಕ ಈ ನಾಲ್ಕೂ ಆಗಬೇಕಾದ ಪರಿಸ್ಥಿತಿ ಬಂತು. ಅವರಿಗೆ ಕೊಡುವ ತರಬೇತಿಯಲ್ಲಿ ಏನಿರಬೇಕು ಎಂಬುದು ಹುಡುಗಾಟದ ಪ್ರಶ್ನೆಯಲ್ಲ.

ಮೊದಲನೆಯದು ಅಕ್ಷರದ ಪ್ರಶ್ನೆ. ಕನ್ನಡ 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಸ್ಥಾನ ಪಡೆದಿತ್ತು, 128 ಸ್ಥಾನಗಳ ಒಂದು ಕೋಷ್ಟಕವಾಗಿ. ಆದರೂ ಕಚೇರಿಗಳಲ್ಲಿ ಬಹುಕಾಲ ನಡೆದದ್ದು ಬೇರೆ ಪದ್ಧತಿ. ಅದರಲ್ಲಿ ಫಾಂಟು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸುತ್ತದೆ. ನೋಡುವ ಕಣ್ಣಿಗೆ ಕನ್ನಡ, ಯಂತ್ರದ ಪಾಲಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹೀಗೆ ಟೈಪಿಸಿದ ಪುಸ್ತಕಪಟ್ಟಿಯನ್ನು ಅಂತರಜಾಲಕ್ಕೆ ಏರಿಸಿದರೆ ಯಾವ ಶೋಧಕ ಯಂತ್ರವೂ ಅದನ್ನು ಕಂಡುಹಿಡಿಯಲಾರದು. ಪಟ್ಟಿಯ ಚಿತ್ರ ತೆಗೆದು ಹಾಕಿದರೂ ಹೆಚ್ಚುಕಡಿಮೆ ಇದೇ ಗತಿ. ಯೂನಿಕೋಡಿನಲ್ಲಿ ಟೈಪಿಸಿದರೂ ಸೂಕ್ಷ್ಮಗಳಿವೆ. ಸ್ಥಳೀಯರು ‘ಬೀದರ’ ಎಂದು ಬರೆಯುತ್ತಾರೆ, ಉಳಿದವರು ‘ಬೀದರ್’. ಅಕ್ಷರಕ್ಕೆ ಅಕ್ಷರ ಹೋಲಿಸುವ ತಂತ್ರಾಂಶಕ್ಕೆ ಇವೆರಡೂ ಬೇರೆ ಬೇರೆ ಊರು. ಇನ್ನು ‘ರಾಜ್‌ಕುಮಾರ್’ ಎಂಬ ಪದದಲ್ಲಿ ಮುಂದಿನ ಕಕಾರ ಜಕಾರಕ್ಕೆ ಒತ್ತಾಗಿ ಅಂಟಿಕೊಳ್ಳದಿರಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಅದು ಇದ್ದರೆ ಒಂದು ಪದ, ಇಲ್ಲದಿದ್ದರೆ ಇನ್ನೊಂದು. ಹೆಸರನ್ನು ಎರಡು ಮೂರು ಬಗೆಯಲ್ಲಿ ಬರೆದಿಡುವುದು ಇದಕ್ಕೆ ಸುಲಭದ ಮದ್ದು. ಬೀದರಿನಲ್ಲಿ ಬಲದಿಂದ ಎಡಕ್ಕೆ ಓಡುವ ಉರ್ದು ಸಾಲೂ ಕನ್ನಡದ ಜೊತೆ ಬರಬೇಕಾಗುತ್ತದೆ. ಒಂದೇ ಸಾಲಿನಲ್ಲಿ ಎರಡನ್ನೂ ಬೆರೆಸಿದರೆ ಪದ ಮತ್ತು ಅಂಕಿಗಳ ಕ್ರಮ ಕೆಡುವ ಸಂಭವವಿದೆ. ಬೇರೆ ಬೇರೆ ಸಾಲಿನಲ್ಲಿ ಬರೆಯುವುದೇ ಕ್ಷೇಮ.

ಎರಡನೆಯದು ಸುದ್ದಿ ಸಾಗುವ ದಾರಿ. ವಾಟ್ಸ್ಆ್ಯಪಿನಲ್ಲಿ ಗುಂಪು ಮಾಡಿದರೆ ಪ್ರತಿಯೊಬ್ಬರ ನಂಬರೂ ಉಳಿದವರಿಗೆ ಕಾಣುತ್ತದೆ. ಹೆಣ್ಣುಮಕ್ಕಳು ಗುಂಪಿಗೆ ಸೇರಲು ಹಿಂಜರಿಯುವುದಕ್ಕೆ ಇದೊಂದೇ ಕಾರಣ ಸಾಕು. ಪ್ರಸಾರ ಪಟ್ಟಿಯಲ್ಲಿ ಈ ತೊಂದರೆಯಿಲ್ಲ, ಸಂದೇಶ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಹೋಗುತ್ತದೆ. ಆದರೆ ಗ್ರಂಥಾಲಯದ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ! 200 ಜನರ ಪಟ್ಟಿ ಮಾಡಿ, ಅವರಲ್ಲಿ 60 ಮಂದಿ ಮಾತ್ರ ನಂಬರು ಉಳಿಸಿಕೊಂಡಿದ್ದರೆ ಉಳಿದ 140 ಮಂದಿಗೆ ಕಳುಹಿಸಿದ್ದು ಗಾಳಿಗೆ ಹೋಯಿತು. ಸದಸ್ಯತ್ವದ ಕಾರ್ಡು ಕೊಡುವಾಗಲೇ ಎದುರಿಗೆ ನಿಂತು ನಂಬರು ಉಳಿಸಿಕೊಳ್ಳಲು ಹೇಳುವ ಅರ್ಧ ನಿಮಿಷದ ಕೆಲಸ, ಬಣ್ಣಬಣ್ಣದ ಹತ್ತು ಪೋಸ್ಟರಿಗಿಂತ ಹೆಚ್ಚು ಪರಿಣಾಮಕಾರಿ. ಇಂಥ ವಿವರಗಳನ್ನು ಹೇಳಿಕೊಡದ ತರಬೇತಿ ಬರೀ ಪದಗಳ ಪರಿಚಯವಾಗಿಬಿಡುತ್ತದೆ.

ಮೂರನೆಯದನ್ನು ತರಬೇತಿಗಳು ಹಾರಿಸಿಬಿಡಬಾರದು. ಯಾರು ಯಾವ ಪುಸ್ತಕ ಒಯ್ದರು ಎಂಬುದನ್ನು ಹೊರಗೆ ಹೇಳದಿರುವುದು ಗ್ರಂಥಪಾಲಕ ವೃತ್ತಿಯ ಹಳೆಯ ಮರ್ಯಾದೆ. ಓದುತ್ತಿರುವ ಮಗುವಿನ ಫೋಟೋ ತೆಗೆದು, ಹೆಸರು, ತರಗತಿ, ಊರು ಸಮೇತ ಹಂಚಿಕೊಂಡರೆ ಈ ಮರ್ಯಾದೆ ಮುರಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯರ ಅಥವಾ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಾಯಿದೆಯ ಮಾತು ಒತ್ತಟ್ಟಿಗಿರಲಿ, ಲೈಂಗಿಕ ಆರೋಗ್ಯದ ಪುಸ್ತಕ ಓದಲೆಂದು ಬಂದ ಹುಡುಗಿ ಮೇಜಿನಾಚೆ ಮೊಬೈಲ್ ಎತ್ತಿ ಹಿಡಿದವರನ್ನು ಕಂಡರೆ ಮತ್ತೆ ಬರುವಳೇ? ಪುಸ್ತಕಗಳ ಮುಖಪುಟದ ಫೋಟೋ ಸಾಕು, ಮುಖಗಳದ್ದು ಬೇಡ.

ಕೊನೆಗೆ ಎಣಿಕೆ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಆರಂಭವಾದ ಮೇಲೆ ನೋಂದಣಿಯನ್ನು ಕೋಟಿಗಳಲ್ಲಿ ಎಣಿಸಲಾಯಿತು. ನೋಂದಣಿ ಬೇರೆ, ಓದು ಬೇರೆ. ಸಂದೇಶ ತಲುಪಿದವರು, ತೆರೆದು ನೋಡಿದವರು, ಗ್ರಂಥಾಲಯಕ್ಕೆ ಬಂದವರು, ಪುಸ್ತಕ ಒಯ್ದವರು, ಓದಿ ಹಿಂತಿರುಗಿಸಿ ಇನ್ನೊಂದು ಕೇಳಿದವರು ಎಂದು ಮೆಟ್ಟಿಲು ಮೆಟ್ಟಿಲಾಗಿ ಸಂಖ್ಯೆ ಇಳಿಯುತ್ತ ಹೋಗುತ್ತದೆ. ವರದಿ ಕೇಳುವವರಿಗೆ ಮೇಲಿನ ಮೆಟ್ಟಿಲು ಇಷ್ಟ. ರಂಗನಾಥನ್ನರ ಮೂರನೆಯ ಸೂತ್ರ ಕೇಳುವುದು ಕೊನೆಯ ಮೆಟ್ಟಿಲಿನ ಲೆಕ್ಕವನ್ನು.

ನೀವೂ ಮಾಡಿ ನೋಡಿ

ಪ್ರಚಾರದಿಂದ ನಿಜಕ್ಕೂ ಪುಸ್ತಕ ಹೊರಗೆ ಹೋಗುತ್ತದೆಯೇ? ಇದನ್ನು ನಿಮ್ಮ ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ಮೇಲ್ವಿಚಾರಕರ ಒಪ್ಪಿಗೆ ಪಡೆದು, ಕಳೆದ ಒಂದು ವರ್ಷದಿಂದ ಯಾರೂ ಒಯ್ಯದ 40 ಪುಸ್ತಕಗಳನ್ನು ಆರಿಸಿಕೊಳ್ಳಿ. ಅವುಗಳ ಹೆಸರನ್ನು ಚೀಟಿಗಳಲ್ಲಿ ಬರೆದು ಡಬ್ಬಿಯಲ್ಲಿ ಕಲಕಿ 20 ಚೀಟಿ ಎತ್ತಿ. ಈ 20 ಪುಸ್ತಕಗಳ ಬಗ್ಗೆ ಮಾತ್ರ ದಿನಕ್ಕೊಂದರಂತೆ ಎರಡು ಸಾಲಿನ ಸಂದೇಶ ಹೋಗಲಿ. ಉಳಿದ 20 ಅದೇ ಕಪಾಟಿನಲ್ಲಿ ಸುಮ್ಮನಿರಲಿ. ನಿಮಗೆ ಇಷ್ಟವಾದ ಪುಸ್ತಕಗಳನ್ನು ನೀವೇ ಆರಿಸಿ ಪ್ರಚಾರ ಮಾಡಬೇಡಿ. ಹಾಗೆ ಮಾಡಿದರೆ ಹೋದದ್ದು ಸಂದೇಶದಿಂದಲೋ ಪುಸ್ತಕದ ಗುಣದಿಂದಲೋ ಎಂದು ಹೇಳಲಾಗದು. ಚೀಟಿ ಎತ್ತುವುದು ಅದಕ್ಕಾಗಿಯೇ. ಆರು ವಾರಗಳ ನಂತರ ವಿತರಣೆಯ ರಿಜಿಸ್ಟರು ನೋಡಿ, ಎರಡೂ ಗುಂಪಿನಿಂದ ಎಷ್ಟೆಷ್ಟು ಪುಸ್ತಕ ಹೋದುವೆಂದು ಎಣಿಸಿ. ಹೆಸರುಗಳನ್ನು ಬರೆದುಕೊಳ್ಳಬೇಡಿ, ಸಂಖ್ಯೆ ಸಾಕು.

ಒಟ್ಟು 15 ಪುಸ್ತಕ ಹೋಗಿ, ಅದರಲ್ಲಿ ಪ್ರಚಾರ ಪಡೆದವು 9 ಮತ್ತು ಪಡೆಯದವು 6 ಎಂದುಕೊಳ್ಳಿ. ಗೆದ್ದೆವೆಂದು ಕುಣಿಯಬೇಡಿ. ಪ್ರಚಾರಕ್ಕೆ ಏನೂ ಪ್ರಭಾವವಿಲ್ಲದಿದ್ದು, ಪ್ರತಿ ಪುಸ್ತಕವೂ ನಾಣ್ಯ ಚಿಮ್ಮಿದಂತೆ ಈ ಗುಂಪಿನಿಂದಲೋ ಆ ಗುಂಪಿನಿಂದಲೋ ಹೋಗಿದ್ದರೂ 9 ಅಥವಾ ಹೆಚ್ಚು ಬರುವ ಸಂಭವ 9949/32768, ಅಂದರೆ ಸುಮಾರು ಶೇಕಡ 30. ಅದೇ 12ಕ್ಕೆ 3 ಬಂದರೆ? 12 ಅಥವಾ ಹೆಚ್ಚು ಆಕಸ್ಮಿಕವಾಗಿ ಬರುವ ಸಂಭವ 576/32768, ಶೇಕಡ 2ಕ್ಕಿಂತಲೂ ಕಡಿಮೆ. ಆಗ ಸಂದೇಶ ಕೆಲಸ ಮಾಡಿದೆ ಎನ್ನಲು ನಿಮಗೆ ಆಧಾರ ಸಿಕ್ಕಿತು. ಈ ಎರಡು ಸಂಖ್ಯೆಗಳು ಹೇಗೆ ಬಂದುವೆಂದು ದ್ವಿಪದ ಪ್ರಮೇಯ ಕಲಿತ ವಿದ್ಯಾರ್ಥಿಗಳು ಲೆಕ್ಕ ಹಾಕಲಿ. ಫಲಿತಾಂಶ ಏನೇ ಬಂದರೂ ಅದನ್ನು ಮೇಲ್ವಿಚಾರಕರಿಗೆ ಕೊಟ್ಟು ಬನ್ನಿ. ಮುಂದಿನ ತಿಂಗಳು ಅವರು ಚೀಟಿ ಎತ್ತದ 20 ಪುಸ್ತಕಗಳ ಬಗ್ಗೆ ಬರೆಯಲಿ.